ಪ್ರಿಂಟರಜ್ಜನ ಕೆಂಪು ದೀಪ

ಆಗದ ಕೆಲಸವನ್ನು ಆಯಿತು ಎನ್ನಬಾರದು. ವಕೀಲ ಪದ್ಮರಾಜಯ್ಯನವರ ಕಚೇರಿಗೆ ಇದ್ದದ್ದು ಇದೊಂದೇ ನಿಯಮ. ಅವರ ಮೇಜಿನ ಮೇಲಿದ್ದ ಯಂತ್ರಗಳಲ್ಲಿ ಮೂವರು ಅದನ್ನೇ ಮುರಿದರು.

ಹಳೆಯ ಪ್ರಿಂಟರನ್ನು ಹೊಸ ನೆಟ್‌ವರ್ಕಿಗೆ ಸೇರಿಸಲು ಬೆಳಗಿನಿಂದ ಹೆಣಗಿದ ವಕೀಲರು, “ಇನ್ನೊಮ್ಮೆ ಕೆಂಪು ದೀಪ ಕಂಡರೆ ಇದನ್ನು ಗುಜರಿಗೆ ಹಾಕುತ್ತೇನೆ” ಎಂದು ಕಾಫಿಗೆ ಎದ್ದರು.

ಪ್ರಿಂಟರ್ ಅವಸರವಾಗಿ ಕೇಳಿತು: “ಏನಪ್ಪ ಲ್ಯಾಪ್‌ಟಾಪು, ವಕೀಲರು ಕೋರ್ಟಿಗೆ ಒಯ್ಯಬೇಕಾದ ಅರ್ಜಿಯನ್ನು ನನಗೆ ಕಳಿಸಿದೆಯಾ?”

“ಆಗಲೇ ಕಳಿಸಿದೆ ಅಜ್ಜ. ರೌಟರಣ್ಣನನ್ನು ಕೇಳಿ.”

“ನನ್ನ ಕೈ ದಾಟಿ ಆಯಿತು,” ಎಂದಿತು ರೌಟರ್. “ಕೇಬಲ್ಲಿಗೆ ಒಪ್ಪಿಸಿದ್ದೇನೆ.”

“ನಾನಂತೂ ಸೇರಿಕೊಂಡಿದ್ದೇನೆ,” ಎಂದಿತು ಕೇಬಲ್. ಅದರ ಒಂದು ತುದಿ ರೌಟರಿನಲ್ಲಿ ಸೇರಿದ್ದು ನಿಜ. ಇನ್ನೊಂದು ತುದಿ ಮೇಜಿನ ಹಿಂದೆ ಜೋತಾಡುತ್ತಿತ್ತು.

“ನನಗೇನೂ ಮುಟ್ಟಿಲ್ಲವಲ್ಲಪ್ಪ,” ಎಂದಿತು ಪ್ರಿಂಟರ್.

“ಮುಟ್ಟದಿದ್ದರೇನು? ಹಸಿರು ದೀಪ ಹಚ್ಚಿಕೊಂಡು ಸುಮ್ಮನೆ ಕೂತಿರಿ,” ಎಂದಿತು ಲ್ಯಾಪ್‌ಟಾಪ್. “ಅವರು ಖುಷಿಯಾಗಿ ಕೋರ್ಟಿಗೆ ಹೋಗುತ್ತಾರೆ, ನಿಮ್ಮ ಜೀವವೂ ಉಳಿಯುತ್ತದೆ.”

“ಕೈಯಲ್ಲಿ ಏನು ಹಿಡಿದುಕೊಂಡು ಹೋಗುತ್ತಾರೆ?”

“ಅದು ನಮ್ಮ ಇಲಾಖೆಯಲ್ಲ,” ಎಂದಿತು ಲ್ಯಾಪ್‌ಟಾಪ್.

ವಕೀಲರು ಮೀಸೆ ಒರೆಸಿಕೊಳ್ಳುತ್ತ ಒಳಗೆ ಬಂದರು. ಅವರ ಹಿಂದೆಯೇ ಗುಜರಿಯವನು ತಕ್ಕಡಿ ಹಿಡಿದು ಬಂದ.

“ಆಯಿತು ಸ್ವಾಮಿ,” ಎಂದರು ಮೂವರೂ ಒಂದೇ ಬಾಯಲ್ಲಿ.

ಪ್ರಿಂಟರ್ ತಕ್ಕಡಿಯನ್ನೊಮ್ಮೆ ನೋಡಿತು. ಆಮೇಲೆ, ಮೇಜಿನ ಹಿಂದೆ ಜೋತಾಡುತ್ತಿದ್ದ ಕೇಬಲ್ಲಿನ ತುದಿಯೂ ಕಾಣುವಷ್ಟು ಜೋರಾಗಿ, ತನ್ನ ಕೆಂಪು ದೀಪ ಹಚ್ಚಿತು.