ಅಜ್ಜನ ಎಲೆಗೆ ಉಪ್ಪು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಬಡಿಸುವವನ ಕಣ್ಣು ಉಣ್ಣುವವನ ಕಣ್ಣಿಗಿಂತ ಮೇಲಿರಬಾರದು.

ನಿಂತು ಬಡಿಸುವಂತಿಲ್ಲ, ಬಗ್ಗಿ ಸುರಿಯುವಂತಿಲ್ಲ. ಒಂದೊಂದು ಎಲೆಯ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಉಣ್ಣುವವರನ್ನು ಮಾತಾಡಿಸಿ, ಬಡಿಸಿ, ಎದ್ದು ಮುಂದಿನ ಎಲೆಗೆ ಹೋಗಬೇಕು. ಏಳುವಾಗ ನೆಲಕ್ಕೆ ಕೈಯೂರುವ ಮಾತೇ ಇಲ್ಲ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸೌಟು ಇರುತ್ತದಲ್ಲ.

ಕೊಟ್ರಯ್ಯ ಮೂವತ್ತು ವರ್ಷ ಹೀಗೆ ಬಡಿಸಿದವನು. ಅಮಾವಾಸ್ಯೆ ಬಂತೆಂದರೆ ಇನ್ನೂರು ಎಲೆ ಬೀಳುತ್ತಿದ್ದವು. ಜಪಕ್ಕೆ ಕೂತರೆ ತೂಕಡಿಸುತ್ತಿದ್ದ ಮನುಷ್ಯ, ಗೋಧಿ ಹುಗ್ಗಿಯ ಸೌಟು ಕೈಗೆ ಬಂದರೆ ಅರಳಿಬಿಡುತ್ತಿದ್ದ. ಹಸಿದವರು ಮೊದಲ ತುತ್ತು ಬಾಯಿಗಿಡುವಾಗಿನ ಮುಖ ನೋಡುವುದೇ ಅವನ ಪೂಜೆಯಾಗಿತ್ತು.

ಅವನಿಗೆ ಅರವತ್ತಾದಾಗ ಭಕ್ತರು ಒಂದು ಕುರ್ಚಿ ತಂದುಕೊಟ್ಟರು. ಕೈ ಇದ್ದ ಕುರ್ಚಿ, ಮೆತ್ತನೆ ದಿಂಬು ಬೇರೆ.

"ಹಿರ್ಯಾರು ನೀವು. ಇನ್ನ ಕುಂತು ಹೇಳ್ರಿ, ನಾವು ಮಾಡ್ತೀವಿ" ಎಂದರು.

ಗೌರವ ಯಾರಿಗೆ ಬೇಡ? ಕೊಟ್ರಯ್ಯ ಕೂತ. ಎರಡು ವರ್ಷ ಅಡುಗೆಮನೆ ಬಾಗಿಲಲ್ಲಿ ಕೂತು, 'ಅಲ್ಲಿ ಹಾಕು, ಇಲ್ಲಿ ಬಿಟ್ಟಿ' ಎಂದು ಬೆರಳು ತೋರಿಸಿದ. ಪಂಕ್ತಿಯ ಮೊದಲ ಎಲೆಗೆ ಒಂದು ಸೌಟು ಹುಗ್ಗಿ ಹಾಕುವುದಷ್ಟೇ ಅವನ ಪಾಲಿಗೆ ಉಳಿದಿತ್ತು.

ಆ ಒಂದು ಎಲೆಯೇ ಅವನ ಮಾನ ಕಳೆಯಿತು.

ಒಂದು ಅಮಾವಾಸ್ಯೆ ಮೊದಲ ಎಲೆಗೆ ಒಬ್ಬ ಮುದುಕಿ ಕೂತಿದ್ದಳು. ಕೊಟ್ರಯ್ಯ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ, ಬಡಿಸಿದ. ಏಳಲು ಹೋದ, ಆಗಲಿಲ್ಲ. ಮತ್ತೊಮ್ಮೆ ಕೊಸರಿದ. ಹುಗ್ಗಿಯ ಬಕೆಟ್ಟು ಮಗುಚಿ ಅವನೂ ಪಕ್ಕಕ್ಕೆ ಉರುಳಿದ. ಇಬ್ಬರು ಓಡಿಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು.

"ಪಾಪ, ಮುದುಕಪ್ಪ! ಇವಗ ಯಾಕ ಹಚ್ಚೀರಿ ಈ ಕೆಲಸ?" ಎಂದಳು ಮುದುಕಿ.

ಉಣ್ಣಲು ಬಂದವರಿಂದ 'ಪಾಪ' ಅನ್ನಿಸಿಕೊಂಡದ್ದು ಕೊಟ್ರಯ್ಯನಿಗೆ ಬಿದ್ದ ನೋವಿಗಿಂತ ಹೆಚ್ಚು ನೋಯಿಸಿತು. ಆ ದಿನ ಅವನು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಸೌಟನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಗುರುಗಳ ಬಳಿ ಹೋದ.

ಗುರು ನಿರುಪಾದಜ್ಜನಿಗೆ ಆಗ ಎಂಬತ್ತನಾಲ್ಕು. ಹೊಳೆಯ ದಂಡೆಯಲ್ಲಿ ಸೂರ್ಯನಿಗೆ ಮುಖಮಾಡಿ, ಎರಡೂ ಕೈ ಮುಂದೆ ಚಾಚಿ, ಬಸ್ಕಿ ಹೊಡೆಯುತ್ತಿದ್ದರು. ಅವಸರವಿಲ್ಲ. ಕೂರುವಾಗ ಒಂದು ಉಸಿರು, ಏಳುವಾಗ ಒಂದು ಉಸಿರು.

ಕೊಟ್ರಯ್ಯ ಮುಗಿಯುವ ತನಕ ಕಾದ.

"ಅಜ್ಜಾರ, ಈ ವಯಸ್ಸಿನ್ಯಾಗ ಇದೆಲ್ಲ ಯಾಕ್ರಿ?"

"ನಾಳೆ ಏಳಬೇಕಲ್ಲೋ ತಮ್ಮಾ."

"ಮೊಣಕಾಲು ನೋಯೂದಿಲ್ಲೇನ್ರಿ?"

"ನನಗ ಎಂಬತ್ತನಾಕು ಅಂತ ಅವಕ್ಕಿನ್ನೂ ಹೇಳಿಲ್ಲ" ಎಂದು ಅಜ್ಜ ಮುಖ ಒರೆಸಿಕೊಂಡರು. "ಬಟ್ಟ್ಯಾಗ ಏನೈತಿ?"

ಕೊಟ್ರಯ್ಯ ಸೌಟನ್ನು ಅವರ ಕಾಲ ಬಳಿ ಇಟ್ಟ. ಕಣ್ಣು ತುಂಬಿ ಬಂದವು. ಅರವತ್ತೆರಡರ ಗಂಡಸು, ಮಗುವಿನ ಹಾಗೆ ಅತ್ತ.

"ಇದನ್ನ ಬ್ಯಾರೇದವ್ರಿಗೆ ಕೊಡ್ರಿ ಅಜ್ಜಾರ. ನನ್ನ ಕಾಲು ಮುಗದೂವು. ಕಾಡು ಬಾ ಅಂತೈತಿ, ಊರು ಹೋಗು ಅಂತೈತಿ."

"ಎಲ್ಲಿಗೆ ಹೋಗೂದಿದ್ರೂ ನಡಕೊಂಡಽ ಹೋಗಬೇಕಲ್ಲೋ? ಕಾಲು ಬೇಕಾಗ್ತಾವ."

"ಚ್ಯಾಷ್ಟಿ ಮಾಡಬ್ಯಾಡ್ರಿ."

ಅಜ್ಜ ಸೌಟನ್ನು ಎತ್ತಿ ಮೇಲೆ ಕೆಳಗೆ ನೋಡಿದರು.

"ಆತು, ಕೊಡೂಣಂತ. ಆದ್ರ ಮೂರು ಅಮಾಸಿ ತಡಿ. ಅಲ್ಲೀತನಕ ಪಂಕ್ತಿ ಬ್ಯಾಡ, ನನ್ನ ಒಂದು ಎಲಿಗೆ ಬಡಸು. ಮೂರನೇ ಅಮಾಸಿಗೆ ಒಂದು ಸಾಲು ಬಡಿಸಿ, ಕೈಮುಗದು ಸೌಟು ಇಟ್ಟುಬಿಡು."

ಒಂದು ಎಲೆ, ಅದೂ ಅಜ್ಜನದು! ಒಂದು ರೊಟ್ಟಿ, ಒಂದು ಹಿಡಿ ಪಲ್ಯ, ಅಷ್ಟೇ ಅವರ ಊಟ. ಮೇಲೆ ಉಪ್ಪು ಕೇಳಿದ್ದನ್ನು ನಲವತ್ತು ವರ್ಷದಲ್ಲಿ ಯಾರೂ ಕಂಡಿರಲಿಲ್ಲ. ಕೊಟ್ರಯ್ಯನಿಗೆ ನಿರಾಳವಾಯಿತು.

ಆ ಮಧ್ಯಾಹ್ನ ಅಜ್ಜ ನೆಲಕ್ಕೆ ಕೂರಲಿಲ್ಲ. ಪಡಸಾಲೆಯ ಎತ್ತರದ ಕಟ್ಟೆ ಹತ್ತಿ ಕೂತರು. ಕಟ್ಟೆಗೆ ಮೂರು ಮೆಟ್ಟಿಲು. ಕೆಳಗೆ ನಿಂತು ಮೊಣಕಾಲು ತುಸು ಮಣಿಸಿದರೆ ಕೊಟ್ರಯ್ಯನ ಕಣ್ಣು ಅಜ್ಜನ ಕಣ್ಣಿಗೆ ಸಮ ಬರುತ್ತಿತ್ತು. ಅವನು ಕಂಬ ಹಿಡಿದು ಮಣಿದ, ಬಡಿಸಿದ, ಎದ್ದ. ಕಟ್ಟಳೆ ಉಳಿಯಿತು.

"ಉಪ್ಪು ತಾ" ಎಂದರು ಅಜ್ಜ.

ಕೊಟ್ರಯ್ಯ ಬೆರಗಾದ. ಆದರೂ ಅಂಗಳ ದಾಟಿ ಅಡುಗೆಮನೆಗೆ ಹೋಗಿ ತಂದು, ಮಣಿದು ಹಾಕಿ, ಎದ್ದ.

"ನೀರು."

ತಂದ, ಮಣಿದ, ಎದ್ದ.

"ಒಂದು ಉಳ್ಳಾಗಡ್ಡಿ ಇತ್ತೇನು?"

ಇತ್ತು. ಆಮೇಲೆ ಮಜ್ಜಿಗೆ ಬಂತು, ಆಮೇಲೆ ಇನ್ನಷ್ಟು ಉಪ್ಪು. ಅಜ್ಜನ ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಕೊಟ್ರಯ್ಯ ಹತ್ತು ಸಲ ಓಡಾಡಿದ್ದ. ಎಂದಿನಂತೆ ಅಜ್ಜ ತಮ್ಮ ಎಲೆ ತಾವೇ ಎತ್ತಿಕೊಂಡು ಆಶ್ರಮದ ಹಸುವಿನ ಕಡೆ ಹೊರಟರು.

ದಣಿದ ಕೊಟ್ರಯ್ಯ ಕುರ್ಚಿ ಹುಡುಕಿಕೊಂಡು ಹೋದ. ಅದರ ಮೇಲೆ ಪತ್ರಾವಳಿಯ ಕಟ್ಟು ಆಳೆತ್ತರ ಏರಿತ್ತು.

"ಎಲಿಗೆ ಗೆದ್ದಲ ಹತ್ತತೈತಿ ಅಂತ ಮ್ಯಾಲೆ ಇಟ್ಟೇನಿ, ತಗೀಬ್ಯಾಡ" ಎಂದು ಅಜ್ಜ ದೂರದಿಂದಲೇ ಕೂಗಿದರು.

ದಿನವೂ ಇದೇ ಆಯಿತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಅಜ್ಜನಿಗೆ ಎಂಬತ್ತನಾಲ್ಕಕ್ಕೆ ಬಂದಿದೆ ಎಂದುಕೊಂಡ ಕೊಟ್ರಯ್ಯ. ನಾಲಿಗೆ ಗೆದ್ದವರ ನಾಲಿಗೆ ಹೀಗೆ ಚಿಗುರಿತಲ್ಲ ಎಂದು ಮರುಗಿದ.

ಒಂದು ದಿನ ಜಾಣತನ ತೋರಿಸಿದ. ಉಪ್ಪು, ನೀರು, ಉಳ್ಳಾಗಡ್ಡಿ, ಮಜ್ಜಿಗೆ ಎಲ್ಲವನ್ನೂ ಒಂದೇ ಪರಾತದಲ್ಲಿ ಹೊತ್ತು ತಂದ.

"ಇದೇನು ಲಗ್ನದ ಊಟೇನೋ?" ಅಜ್ಜ ಗದರಿದರು. "ಎಲ್ಲಾ ಒಮ್ಮೆಗೇ ಬಂದ್ರ ರುಚಿ ಹತ್ತೂದಿಲ್ಲ. ವಾಪಸ್ ಒಯ್ಯಿ. ಒಂದೊಂದಽ ತಾ."

ಹದಿನೈದು ದಿನ ಕಳೆದ ಮೇಲೆ ಅಜ್ಜ ಕಟ್ಟೆ ಬಿಟ್ಟು ಮೇಲಿನ ಮೆಟ್ಟಿಲಿಗೆ ಇಳಿದರು.

"ಯಾಕ್ರಿ?"

"ಕಟ್ಟಿ ಮ್ಯಾಲೆ ಗಾಳಿ ಭಾಳ."

ಅಜ್ಜ ಒಂದು ಮೆಟ್ಟಿಲು ಇಳಿದರೆ ಕೊಟ್ರಯ್ಯನೂ ಅಷ್ಟು ಇಳಿಯಬೇಕಲ್ಲ. ತೊಡೆ ಉರಿಯಿತು. ಎರಡು ದಿನ ಗೊಣಗಿದ, ಮೂರನೆಯ ದಿನ ಮರೆತ.

ಮತ್ತೆ ಕೆಲವು ದಿನಕ್ಕೆ ನಡುವಿನ ಮೆಟ್ಟಿಲು. "ಇಲ್ಲಿ ನೆಳ್ಳು ಛಲೋ ಐತಿ" ಎಂದರು. ಕಂಬ ಈಗ ಕೈಗೆ ಎಟುಕುತ್ತಿರಲಿಲ್ಲ. ಎಟುಕುತ್ತಿಲ್ಲವೆಂಬುದು ಕೊಟ್ರಯ್ಯನ ಗಮನಕ್ಕೇ ಬರಲಿಲ್ಲ.

ಎರಡನೆಯ ಅಮಾವಾಸ್ಯೆ ಕಳೆದು ವಾರಕ್ಕೆ ಅವನಿಗೆ ಮೈಬಿಸಿಯಾಯಿತು. ಕಾಲು ನಡುಗಿದವು.

"ಇವತ್ತು ಆಗಂಗಿಲ್ಲ ಅಜ್ಜಾರ."

ಅಜ್ಜ ಅವನ ಹಣೆ ಮುಟ್ಟಿ ನೋಡಿದರು. ಗದರಲಿಲ್ಲ.

"ಹೋಗಿ ಮಲಕ್ಕೊ. ಇವತ್ತು ನಾ ಉಪ್ಪು ಕೇಳೂದಿಲ್ಲ. ಆರಾಮಾದ ದಿನ ಎರಡಽ ಸಲ ಕೇಳ್ತೀನಿ. ಆದ್ರ ಆ ದಿನ ಬರೂದು ಬಿಡಬ್ಯಾಡ."

ನಾಲ್ಕು ದಿನಕ್ಕೆ ಬಂದ. ಅಜ್ಜ ಎರಡೇ ಸಲ ಕೇಳಿದರು. ಮರುದಿನ ನಾಲ್ಕು. ವಾರದೊಳಗೆ ಮತ್ತೆ ಹತ್ತು. ಅಷ್ಟರಲ್ಲಿ ಅವರು ಕೊನೆಯ ಮೆಟ್ಟಿಲಿಗೆ ಬಂದಿದ್ದರು, ಒಂದು ದಿನ ಏನೂ ನೆಪ ಹೇಳದೆ ನೆಲಕ್ಕೇ ಕೂತರು.

ಕೊಟ್ರಯ್ಯ ಅವರ ಮುಂದೆ ಕುಕ್ಕರಗಾಲಲ್ಲಿ ಕೂತ, ರೊಟ್ಟಿ ಹಾಕಿದ, ಎದ್ದು ಉಪ್ಪು ತರಲು ಹೊರಟ. ಇನ್ನೂ ಯಾರೂ ಕೇಳಿರಲಿಲ್ಲ.

ಮೂರನೆಯ ಅಮಾವಾಸ್ಯೆ ಬಂತು.

ಅಂದು ಬೆಳಿಗ್ಗೆ ಕೊಟ್ರಯ್ಯ ಸೌಟನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ. ಬಿಟ್ಟುಕೊಡುವ ವಸ್ತು ಹೊಳೆಯುತ್ತಿರಲಿ ಎಂದು. ತಿಕ್ಕುವಾಗ ಎದೆ ಭಾರವಾಗಿತ್ತು. ಒಂದು ಸಾಲು, ಅಷ್ಟೇ. ಬೀಳದೆ ಮುಗಿಸಿದರೆ ಸಾಕಪ್ಪ ಶಿವನೇ ಎಂದು ಬೇಡಿಕೊಂಡ.

ಮೊದಲ ಎಲೆಗೆ ಅದೇ ಮುದುಕಿ ಕೂತಿದ್ದಳು.

ಕೂತ. ಹುಗ್ಗಿ ಹಾಕಿದ.

"ಉಣ್ಣವ್ವ."

ಎದ್ದ. ಬಕೆಟ್ಟು ಅಲುಗಲಿಲ್ಲ.

ಮುದುಕಿ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು.

"ಯಪ್ಪಾ, ಇಲ್ಲಿ ಒಬ್ಬ ಮುದುಕಪ್ಪ ಬಡಸ್ತಿದ್ದ. ಬಿದ್ದಿದ್ದ, ಪಾಪ. ಅದಾನೋ, ಹ್ವಾದನೋ?"

"ಹ್ವಾದ ಬೇ" ಎಂದ ಕೊಟ್ರಯ್ಯ. ನಗು ತಡೆಯಲಾರದೆ ಮುಂದಿನ ಎಲೆಗೆ ಸರಿದ.

ಆಮೇಲೆ ಅವನಿಗೆ ಎಲೆಗಳಷ್ಟೇ ಕಂಡವು, ಮುಖಗಳಷ್ಟೇ ಕಂಡವು. ದೂರದೂರಿನಿಂದ ನಡೆದು ಬಂದವರು, ಮೊದಲ ತುತ್ತಿಗೆ ಕಣ್ಣು ಮುಚ್ಚಿದವರು, ಇನ್ನಷ್ಟು ಬೇಕೆಂದು ಕೇಳಲು ನಾಚಿದವರು. ನಾಚಿದವರಿಗೆ ಎರಡು ಸೌಟು ಹಾಕಿದ. ಒಂದು ಸಾಲು ಮುಗಿದದ್ದು ಗೊತ್ತಾಗಲಿಲ್ಲ, ಎರಡನೆಯದೂ ಗೊತ್ತಾಗಲಿಲ್ಲ. ಸೌಟು ಬಕೆಟ್ಟಿನ ತಳಕ್ಕೆ ಬಡಿದಾಗ ತಲೆಯೆತ್ತಿದ. ಕೊನೆಯ ಪಂಕ್ತಿಯೂ ಉಂಡು ಏಳುತ್ತಿತ್ತು.

ಅವನು ತನ್ನ ಮೊಣಕಾಲನ್ನು ಮುಟ್ಟಿ ನೋಡಿಕೊಂಡ, ಬೇರೆ ಯಾರದೋ ಇರಬೇಕು ಎಂಬಂತೆ.

ಆಗಲೇ ಹಸು ಕಣ್ಣಿಗೆ ಬಿತ್ತು. ಮೂರು ತಿಂಗಳಲ್ಲಿ ಮೈ ಮಿರಮಿರ ಮಿಂಚುತ್ತಿದ್ದ ಹಸು, ಅಜ್ಜನ ಕಡೆಗೇ ಹಗ್ಗ ಜಗ್ಗುತ್ತಿತ್ತು. ಕೊಟ್ರಯ್ಯ ಹತ್ತಿರ ಹೋದ. ಅದರ ಮುಂದಿದ್ದ ನಿನ್ನೆಯ ಎಲೆಯ ಚೂರಿನಲ್ಲಿ ಉಳ್ಳಾಗಡ್ಡಿ ಇಡಿಯಾಗಿ ಬಿದ್ದಿತ್ತು. ಪಕ್ಕದ ಕಲ್ಲಿಗೆ ಉಪ್ಪು ಅಂಟಿತ್ತು. ಹಸು ಆ ಕಲ್ಲನ್ನು ನೆಕ್ಕಿ ನೆಕ್ಕಿ ನುಣ್ಣಗೆ ಮಾಡಿತ್ತು.

ಕೊಟ್ರಯ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆ ಕಲ್ಲನ್ನು ಬೆರಳಲ್ಲಿ ಸವರಿ ನಕ್ಕ.

ಎಲ್ಲರೂ ಉಂಡ ಮೇಲೆ ಉಣ್ಣುವುದು ಅಜ್ಜನ ರೂಢಿ. ನೆಲದ ಮೇಲೆ ಎಲೆ ಹಾಕಿಕೊಂಡು ಒಬ್ಬರೇ ಕೂತಿದ್ದರು. ಕೊಟ್ರಯ್ಯ ಅವರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಕಣ್ಣಿಗೆ ಕಣ್ಣು ಸಮ ಬಂತು.

"ಮೂರು ಅಮಾಸಿ ಆದೂವು" ಎಂದರು ಅಜ್ಜ. "ಸೌಟು ಇಡಾಕ ಬಂದಿಯೇನು?"

ಕೊಟ್ರಯ್ಯ ಸೌಟನ್ನು ಎದೆಗೆ ಅವುಚಿಕೊಂಡ.

"ಇಲ್ರಿ. ಇನ್ನ ಇದನ್ನ ಯಾರಿಗೂ ಕೊಡೂದಿಲ್ರಿ."

"ಹಂಗಾರ ಬಡಸು."

ರೊಟ್ಟಿ ಹಾಕಿದ, ಪಲ್ಯ ಹಾಕಿದ. ಕೈ ಜೋಡಿಸಿ ಹಾಗೆಯೇ ಕೂತ.

"ಅಜ್ಜಾರ, ಒಂದು ಮಾತು. ನೀವು ಉಪ್ಪು ತಿಂದೇ ಇಲ್ಲ. ಗೊತ್ತಾತ್ರಿ ನನಗ."

ಅಜ್ಜ ರೊಟ್ಟಿ ಮುರಿದರು.

"ಕಾಲು ಬಂದೂವಲ್ರಿ, ಇನ್ನ ಸಾಕಲ್ರಿ? ಅಲ್ಲ, ಇನ್ನ ಎಷ್ಟು ವರ್ಷ ಹಿಂಗ ಕೂಡೂದು ಏಳೂದು ಮಾಡಬೇಕ್ರಿ ನಾನು?"

ಅಜ್ಜ ತಮ್ಮ ಎಲೆಯನ್ನು ಒಮ್ಮೆ ನೋಡಿದರು. ಆಮೇಲೆ ಅಂಗಳದಾಚೆಯ ಅಡುಗೆಮನೆಯ ಕಡೆ ನೋಡಿದರು.

"ಉಪ್ಪು ತಗೊಂಡು ಬಾ, ಹೇಳ್ತೀನಿ."