ಎರಡು ಬೆರಳು ಸಡಿಲ

ಒಂದೂರಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಪುಟ್ತಾಯಮ್ಮ, ಮಗ ಮರಿಸಿದ್ದ. ಹೆಸರಲ್ಲಷ್ಟೇ ಮರಿ. ಆಳು ಎತ್ತರ, ಮೀಸೆಯೂ ಬಂದಿತ್ತು, ಬುದ್ಧಿ ಮಾತ್ರ ಬಂದಿರಲಿಲ್ಲ. ಹಾಗಂತ ಕೆಟ್ಟವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ತೊಂದರೆ ಇದ್ದದ್ದೇ ಅಲ್ಲಿ.

ಪುಟ್ತಾಯಮ್ಮನಿಗೆ ಎದೆಯ ಕಾಯಿಲೆ. ಇನ್ನು ಹೆಚ್ಚು ಕಾಲ ಇಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಅವಳಿಗೆ ಸಾವಿನ ಭಯವಿರಲಿಲ್ಲ. ನಾನು ಹೋದಮೇಲೆ ಇವನಿಗೆ ತುತ್ತು ಹಾಕೋರು ಯಾರು? ಅದೊಂದೇ ಕೊರಗು.

ಅವರ ಬೀದಿಯ ಕೊನೆಗೆ, ನೀರಿನ ಟ್ಯಾಂಕಿನ ಹಿಂದೆ ಒಂದು ತರಕಾರಿ ತೋಟ. ಒಬ್ಬರದ್ದಲ್ಲ, ಬೀದಿಯವರೆಲ್ಲ ಸೇರಿ ಮಾಡಿದ್ದು. ಸುಗುಣ ಮೇಡಮ್ ಅನ್ನೋರು ಸಂಬಳವಿಲ್ಲದೆ, ಬರೀ ಪ್ರೀತಿಗೆ, ಪ್ರತಿ ಭಾನುವಾರ ಬಂದವರಿಗೆಲ್ಲ ಗಿಡ ಬೆಳೆಸೋದು ಹೇಳಿಕೊಡುತ್ತಿದ್ದರು. ಪುಟ್ತಾಯಮ್ಮ ಹೋಗಿ ಕೈಮುಗಿದಳು.

"ಇವನ್ನ ತೋಟಕ್ಕೆ ಇಟ್ಕೊಳ್ಳಿ ತಾಯಿ."

"ಒಂದು ಕೆಲಸ ಸರಿಯಾಗಿ ಕಲೀಲಿ ಪುಟ್ತಾಯಮ್ಮ, ಒಂದೇ ಒಂದು. ಆಮೇಲೆ ತೋಟ ಕಾಯ್ಕೊಂಡು ಇಲ್ಲೇ ಇರಲಿ. ಊಟಕ್ಕೆ ನಾವೆಲ್ಲ ಇಲ್ವಾ?"

ಮೊದಲು ಅವರೆಕಾಳು ಬಿತ್ತಿಸಿದರು. ಮರಿಸಿದ್ದ ದಿನಾ ಬೆಳಿಗ್ಗೆ ಅಗೆದು ನೋಡಿದ, ಮೊಳೆತಿದೆಯಾ ಅಂತ. ಮೊಳೆಯೋದೆಲ್ಲಿ!

"ಅಯ್ಯೋ ಮಂಕೇ! ಮಣ್ಣಿಗೆ ಬಿದ್ದದ್ದನ್ನ ಮುಟ್ಟಬಾರದು ಕಣೋ! ಮಣ್ಣು ಮುಚ್ಚಿ ನೀರು ಹಾಕಬೇಕು!"

"ಆಗಲಿ ಮೇಡಮ್."

ಮುಂದಿನ ವಾರ ಕಳೆ ಕೀಳುವಾಗ ಮೇಡಮ್ಮಿನ ಕನ್ನಡಕ ಜಾರಿ ಬಿತ್ತು. ಮರಿಸಿದ್ದ ಮುಟ್ಟಲಿಲ್ಲ. ಮಣ್ಣು ಮುಚ್ಚಿದ, ನೀರು ಹಾಕಿದ. ಮೇಡಮ್ ತೋಟವೆಲ್ಲ ತಡಕಾಡಿದರು.

"ಕನ್ನಡಕ ಎಲ್ಲೋ?"

"ಇನ್ನೂ ಮೊಳೆತಿಲ್ಲ ಮೇಡಮ್!"

ಮನೆಯಲ್ಲಿ ತಾಯಿ ಹಣೆ ಚಚ್ಚಿಕೊಂಡಳು. "ಬಿದ್ದದ್ದನ್ನ ಎತ್ತಿ, ತೊಳೆದು, ಒರೆಸಿ ಮನೆಗೆ ತರಬೇಕು ಕಣೋ ನನ್ನಪ್ಪಾ!"

"ಆಗಲಿ ಕಣವ್ವ."

ಆಮೇಲೊಂದು ದಿನ ಗಾಳಿ ಬೀಸಿ ಟೊಮೇಟೊ ಗಿಡಗಳು ಮಲಗಿದವು. ಮರಿಸಿದ್ದ ಒಂದೊಂದನ್ನೇ ಕಿತ್ತ, ಬೇರು ತೊಳೆದ, ಒರೆಸಿದ, ಹೊರೆ ಕಟ್ಟಿ ಮನೆಗೆ ತಂದ. ಬೈಯಲು ಪುಟ್ತಾಯಮ್ಮನಿಗೆ ಉಸಿರೇ ಬರಲಿಲ್ಲ. ಗೋಡೆ ಹಿಡಿದು ಹಿಡಿದು ತೋಟಕ್ಕೆ ನಡೆದಳು.

"ಇನ್ನೊಂದು ಸಲ ಹೇಳಿಕೊಡಿ ತಾಯಿ."

ಮೇಡಮ್ ನಿಟ್ಟುಸಿರು ಬಿಟ್ಟರು. "ಇದೇ ಕೊನೆ. ಕೇಳೋ, ಬಿದ್ದದ್ದರ ಪಕ್ಕ ಕೋಲು ನೆಡಬೇಕು. ಹಳೇ ಬಟ್ಟೆಯಿಂದ ಕಟ್ಟಬೇಕು. ಬಿಗಿ ಬೇಡ, ಎರಡು ಬೆರಳು ತೂರೋಷ್ಟು ಸಡಿಲ ಇರಲಿ. ಗಿಡ ಬೆಳೀಬೇಕಲ್ಲ! ಆಮೇಲೆ ಬುಡಕ್ಕೆ ನೀರು. ಭಾನುವಾರ ಬಂದು ನೋಡ್ತೀನಿ."

ಭಾನುವಾರ ಬೆಳಿಗ್ಗೆ ಪುಟ್ತಾಯಮ್ಮ ಹಿತ್ತಲಲ್ಲಿ ಕುಸಿದು ಬಿದ್ದಳು. ಮರಿಸಿದ್ದ ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಕೋಲು ತಂದು ನೆಟ್ಟ. ಅವ್ವನನ್ನು ಎತ್ತಿ ಕೂರಿಸಿದ. ಅವಳದೇ ಹಳೇ ಸೀರೆ ಹರಿದು ತೋಳನ್ನು ಕೋಲಿಗೆ ಕಟ್ಟಿದ. ಪಾದಕ್ಕೆ ನೀರು ಹೊಯ್ದ.

ನೀರು ತಣ್ಣಗೆ ತಾಗಿ ಪುಟ್ತಾಯಮ್ಮ ಕಣ್ಣು ಬಿಟ್ಟಳು. ಕೋಲು ನೋಡಿದಳು, ಮಗನ ಮುಖ ನೋಡಿದಳು. ಬೈಯಲೆಂದು ಬಾಯಿ ತೆರೆದವಳು ಮೆಲ್ಲಗೆ ಕಟ್ಟಿನೊಳಗೆ ಬೆರಳು ತೂರಿಸಿದಳು. ಒಂದು ಹೋಯಿತು. ಇನ್ನೊಂದೂ ಹೋಯಿತು.

"ಮಗಾ... ಮೇಡಮ್ಮನ್ನ ಕರಿ. ಗಂಟು ತೋರಿಸು."

ಅವನು ಓಡಿ ಕರೆತಂದ. ಅಷ್ಟರಲ್ಲಿ ಪುಟ್ತಾಯಮ್ಮನ ತಲೆ ವಾಲಿತ್ತು, ಉಸಿರು ನಿಂತಿತ್ತು. ಎರಡು ಬೆರಳು ಮಾತ್ರ ಕಟ್ಟಿನೊಳಗೇ ಇದ್ದವು. ಮೇಡಮ್ ಕಟ್ಟಿಗೆ ಕೈ ಹಾಕಿದರೆ ಮರಿಸಿದ್ದ ತಡೆದ.

"ಬಿಗಿ ಮಾಡ್ಬೇಡಿ ಮೇಡಮ್. ಅವ್ವ ಬೆಳೀಬೇಕು."

ಆವತ್ತು ಮರಿಸಿದ್ದನಿಗೆ ಬೈಗುಳವೂ ಇಲ್ಲ, ಹೊಸ ಬುದ್ಧಿಮಾತೂ ಇಲ್ಲ. ಮೇಡಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸರಿಯಾಗಿ ಕಟ್ಟಿದ್ದೀಯ ಕಣಪ್ಪ. ಇನ್ನು ನೀನು ತೋಟದಲ್ಲೇ ಇರು."

ಮರಿಸಿದ್ದನಿಗೆ ಹಿಗ್ಗೋ ಹಿಗ್ಗು. ಇನ್ನೊಂದು ಬಿಂದಿಗೆ ನೀರು ತರಲು ಓಡಿದ.