ಕರಿಬಸ ಪಿಡಿಎಫ್ ಮಾಡಿಸಿದ್ದು

ಕೂತ್ಕೊಳ್ಳಿ, ಹತ್ತಿರ ಬನ್ನಿ, ಹೇಳ್ತೀನಿ. ಹರಿಹರದ ಪೇಟೆ ಬೀದೀಲಿ ದ್ಯಾಮವ್ವ ಅಂತ ಒಬ್ಬಳು ಹೊಲಿಗೆಯವಳು. ಅವಳಿಗೊಬ್ಬ ಮಗ, ಕರಿಬಸ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲು ದಾಟಿರಲಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವ್ವನ ಗೋಳು!

ಕರಿಬಸನ ಅಕ್ಕ ರತ್ನಂಗೆ ಮದುವೆ ಗೊತ್ತಾಯ್ತು. ಗಂಡು ದಾವಣಗೆರೆಯ ಪೈಲ್ವಾನ್ ಹಾಲೇಶ. ಅವನಪ್ಪ ಉಸ್ತಾದ್ ನೀಲಪ್ಪ ಗರಡಿ ಮನೆ ಯಜಮಾನ. ಮೀಸೆ ದೊಡ್ಡದು, ಕೋಪ ಇನ್ನೂ ದೊಡ್ಡದು. ಲಗ್ನಪತ್ರಿಕೇನ ರತ್ನಾನೇ ವರ್ಡ್‌ನಲ್ಲಿ ಟೈಪ್ ಮಾಡಿ ಬೀಗರಿಗೆ ಕಳಿಸಿ, ಮಲೇಬೆನ್ನೂರಿನ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋದ್ಲು. ಇತ್ತ ದಾವಣಗೆರೇಲಿ ಬೀಗರು ಫೈಲ್ ತೆರೆದ್ರೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ! ಫೋನ್ ಬಂತು.

"ಏನಮ್ಮಾ ಇದು? ನನ್ನ ಮಗ ಹಾಲೇಶ! ಇಲ್ಲಿ ಹುಲ್ಲೇಶ ಅಂತ ಐತೆ! ದೀಪ ಹಚ್ಚೋದ್ರೊಳಗೆ ಪಿಡಿಎಫ್ ಮಾಡಿಸಿ ಕಳಿಸಿ. ಇಲ್ಲಾಂದ್ರೆ ಈ ಸಂಬಂಧಾನೇ ಬೇಡ!"

ದ್ಯಾಮವ್ವ ಓಡಿಹೋಗಿ ರತ್ನಾ ಪತ್ರಿಕೆ ಇಟ್ಟಿದ್ದ ಪೆನ್‌ಡ್ರೈವ್ ತೆಗೆದು ಮಗನ ಕೈಗಿಟ್ಲು.

"ಲೋ ಕರಿಬಸ, ಕಂಪ್ಯೂಟರ್ ಅಂಗಡಿ ಝರೀನಾ ಹತ್ರ ಹೋಗಿ ಪಿಡಿಎಫ್ ಮಾಡಿಸ್ಕೊಂಡು ಬಾ. ಅಕ್ಷರ ಒಂದೂ ಅಲುಗಾಡಬಾರದು. ಇದ್ದಲ್ಲೇ ಗಟ್ಟಿಯಾಗಿ ಅಂಟಿಕೊಂಡಿರಬೇಕು!"

"ಹಂಗೇ ಮಾಡ್ತೀನವ್ವ!"

ಹೋದ. ದಾರೀಲಿ ಅಂಗಡಿ ಕಂಡ್ತು. ಒಂದು ಬಾಟ್ಲಿ ಗೋಂದು ತಗೊಂಡ, ಪೆನ್‌ಡ್ರೈವಿನ ಬಾಯೊಳಗೆ ಪೂರ್ತಿ ಸುರಿದ. ಗೋಂದು ಒಣಗ್ತು, ಪೆನ್‌ಡ್ರೈವ್ ಕಲ್ಲಾಯ್ತು. ಝರೀನಾ ನೋಡಿ ತಲೆ ಚಚ್ಚಿಕೊಂಡ್ಲು. "ಇದನ್ನ ನಾನೇನು ಮಾಡ್ಲಿ ಮಾರಾಯ? ವಾಪಸ್ ತಗೊಂಡು ಹೋಗು!"

ದ್ಯಾಮವ್ವ ನೋಡಿದ್ಲು. "ಅಯ್ಯೋ ನನ್ನ ಕರ್ಮವೇ! ಗೋಂದು ಹಾಕ್ತಾರೇನೋ? ರತ್ನ ಈಗ ನನ್ನ ಫೋನಿಗೇ ಫೈಲ್ ಕಳಿಸಿದಾಳೆ. ಅದನ್ನ ಆನ್‌ಲೈನಿಗೆ ಏರಿಸಬೇಕಂತೆ. ಆನ್‌ಲೈನಿಗೆ ಏರಿಸು, ತಿಳೀತಾ?"

"ತಿಳೀತು. ಹಂಗೇ ಮಾಡ್ತೀನವ್ವ!"

ಲೈನ್ ಎಲ್ಲೈತೆ? ಮಾಳಿಗೆ ಮೇಲೈತೆ! ಕರಿಬಸ ಮಾಳಿಗೆ ಹತ್ತಿದ. ಅವ್ವನ ಲಂಗಕ್ಕೂ ತನ್ನ ಟವೆಲ್ಲಿಗೂ ನಡುವೆ ಜಾಗ ಮಾಡ್ದ. ಫೋನನ್ನ ಬಟ್ಟೆ ಒಣಹಾಕೋ ಲೈನಿಗೆ ಏರಿಸಿ, ಎರಡೂ ಕಡೆ ಕ್ಲಿಪ್ ಹಾಕ್ದ. ಅದರ ಕೆಳಗೇ ಕಾಲು ಚಾಚಿ ಕೂತ.

ಬೀಗರ ಫೋನ್ ಬಂದಾಗ ಮಾಳಿಗೆ ಮೇಲಿಂದ ಗಂಟೆ ಬಾರಿಸಿತು. ದ್ಯಾಮವ್ವ ಏದುಸಿರು ಬಿಡ್ತಾ ಹತ್ತಿ ಬಂದ್ಲು.

"ಏನೋ ಇದು!"

"ಆನ್ ಲೈನ್ ಐತವ್ವ. ಇನ್ನೂ ಒಣಗಿಲ್ಲ!"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬಟ್ಟೆ ಲೈನಲ್ಲ ಕಣೋ! ಝರೀನಾಗೆ ಫೋನ್ ಕೊಡು, ಅವಳು ಏರಿಸ್ತಾಳೆ. ಆಮೇಲೆ ಒಂದು ಚಕ್ರ ತಿರುಗುತ್ತಂತೆ. ಚಕ್ರ ತಿರುಗೋವಾಗ ಏನೂ ಮುಟ್ಟಬೇಡ. ಚಕ್ರ ನಿಂತ ಮೇಲೆ ಮುಟ್ಟು!"

"ಹಂಗೇ ಮಾಡ್ತೀನವ್ವ!"

ಝರೀನಾ ಒಂದು ವೆಬ್‌ಸೈಟ್ ತೆರೆದ್ಲು, ಫೈಲ್ ಏರಿಸಿದ್ಲು. "ಆದ ಮೇಲೆ ಈ ಹಸಿರು ಗುಂಡಿ ಒತ್ತು, ಪಿಡಿಎಫ್ ಇಳಿಯುತ್ತೆ. ಮಕ್ಕಳಿಗೆ ಉಣ್ಣಾಕಿಟ್ಟು ಬರ್ತೀನಿ" ಅಂದು ಮನೆಗೆ ಹೋದ್ಲು. ಪರದೆ ಮೇಲೆ ಪುಟ್ಟ ಚಕ್ರ ಗಿರ್ರನೆ ತಿರುಗಿ ನಿಂತೇ ಹೋಯ್ತು. ಕರಿಬಸ ಅದನ್ನ ನೋಡ್ಲೇ ಇಲ್ಲ! ಅವನ ಕಣ್ಣು ಮೇಲಿತ್ತು. ಮೇಲೆ ಫ್ಯಾನ್ ತಿರುಗ್ತಿತ್ತು.

ಫ್ಯಾನ್ ತಿರುಗಿತು, ಕರಿಬಸ ಕಾದ. ಇನ್ನೂ ತಿರುಗಿತು, ಇನ್ನೂ ಕಾದ. ಕತ್ತು ನೋವು ಬಂತು, ಆದ್ರೂ ಕಾದ. ಹೊತ್ತು ಮೀರಿ ಆ ವೆಬ್‌ಸೈಟು ಪಿಡಿಎಫನ್ನ ತಾನೇ ಅಳಿಸಿಹಾಕ್ತು. ದ್ಯಾಮವ್ವ ಓಡಿ ಬಂದ್ಲು, ಹಿಂದೇನೇ ಝರೀನಾ.

"ಯಾಕೋ ಒತ್ತಲಿಲ್ಲ?"

"ಚಕ್ರ ನಿಂತಿಲ್ಲ ನೋಡವ್ವ, ಎಷ್ಟು ಜೋರಾಗಿ ತಿರುಗ್ತೈತೆ!"

ದ್ಯಾಮವ್ವಂಗೆ ಅಳು ಬಂತು. "ಹೊತ್ತು ಮುಳುಗ್ತಾ ಬಂತಲ್ಲೋ! ಅಕ್ಕನ ಮದುವೆ ಮುರೀತೀಯೇನೋ? ಇನ್ಮೇಲೆ ಕಾಯಬೇಡ. ಇಳಿಸಬೇಕು ಅಂದ್ರೆ ಹಿಂದೆ ಮುಂದೆ ನೋಡ್ದೆ ಇಳಿಸಿಬಿಡು!"

"ಹಂಗೇ ಮಾಡ್ತೀನವ್ವ!"

ಅವ್ವ ಅಂಗಡಿ ಮೆಟ್ಟಿಲ ಮೇಲೆ ಕೂತು ದೇವರನ್ನ ನೆನೆದ್ಲು. ಝರೀನಾ ಮತ್ತೆ ಏರಿಸೋಕೆ ನೋಡಿದ್ಲು, ನೆಟ್ ಕುಂಟ್ತಿತ್ತು. "ಫೈಲು ಭಾರ ಐತೆ ಕರಿಬಸ, ಏರ್ತಿಲ್ಲ. ಚಿತ್ರ ಜಾಸ್ತಿ ಆಯ್ತು. ಭಾರದ್ದನ್ನ ಇಳಿಸಬೇಕು. ಬೇಡದ ಚಿತ್ರದ ಮೇಲೆ ಬಾಣ ಇಟ್ಟು ಈ ಗುಂಡಿ ಒತ್ತು" ಅಂತ ಮೌಸ್ ಕೊಟ್ಟು ಝೆರಾಕ್ಸ್ ಕೇಳ್ತಿದ್ದವರ ಕಡೆ ತಿರುಗಿದ್ಲು.

ಕರಿಬಸ ಪತ್ರಿಕೆ ನೋಡ್ದ. ಮೇಲೆ ಹೂವು. ಹೂವು ಹಗುರ. ಎರಡೂ ಅಂಚಿಗೆ ಬಾಳೆಕಂದು. ಅದೂ ಹಗುರ. ನಡುವೆ ಅಕ್ಕ, ಅವಳೂ ಕಡ್ಡಿ. ಅಕ್ಕನ ಪಕ್ಕ ಗದೆ ಹೊತ್ಕೊಂಡು ಪೈಲ್ವಾನ್ ಹಾಲೇಶ!

"ಸಿಕ್ತು!" ಅಂದ. ಹಿಂದೆ ಮುಂದೆ ನೋಡ್ಲಿಲ್ಲ, ಭಾವನ್ನ ಇಳಿಸಿಬಿಟ್ಟ. ಅವನು ಹೋದ ಜಾಗಕ್ಕೆ ಅಂಚಿನ ಬಾಳೆಕಂದು ಜರುಗಿ ಬಂದು ಅಕ್ಕನ ಪಕ್ಕ ನಿಂತ್ಕೊಂಡ್ತು.

ಫೈಲು ಸರ್ರನೆ ಏರ್ತು. ಝರೀನಾ ಅವಸರದಲ್ಲಿ ಪಿಡಿಎಫ್ ಇಳಿಸಿ, ಬೀಗರಿಗೆ ಕಳಿಸೇಬಿಟ್ಲು. ಆಗ ತಾನೇ ಬೀದಿ ದೀಪ ಹತ್ತಿದ್ವು. ಫೋನ್ ಬಂತು.

"ಅಕ್ಷರ ಸರಿಯಾಗೈತೆ. ಹಾಲೇಶ ಹಾಲೇಶಾನೇ ಆಗವ್ನೆ. ಆದ್ರೆ ನನ್ನ ಮಗನ ಫೋಟೋ ಎಲ್ಲಮ್ಮಾ? ನಿಮ್ಮ ಹುಡುಗಿ ಬಾಳೆಗಿಡ ಮದುವೆ ಆಗ್ತಾಳೇನು?"

ದ್ಯಾಮವ್ವ ಬಾಯಿ ತೆರೆಯೋದ್ರೊಳಗೆ ಕರಿಬಸ ಫೋನ್ ಕಿತ್ಕೊಂಡ. "ಕೋಪ ಮಾಡ್ಕೋಬೇಡಿ ಮಾವ! ಭಾವ ಭಾರ ಆದ್ರು, ಕಂಪ್ಯೂಟರಿಗೆ ಎತ್ತೋಕೆ ಆಗ್ಲಿಲ್ಲ. ಅದಕ್ಕೇ ಇಳಿಸ್ದೆ!"

ಆ ಕಡೆಯಿಂದ ಉಸ್ತಾದರು ಮೆಲ್ಲಗೆ ಕೇಳಿದ್ರು. "ಏನಂದೆ? ನನ್ನ ಮಗನ್ನ ಕಂಪ್ಯೂಟರಿಗೂ ಎತ್ತೋಕೆ ಆಗ್ಲಿಲ್ವಾ?"

"ಇಲ್ಲ ಮಾವ! ಅಲುಗಾಡಿಸೋಕೂ ಆಗ್ಲಿಲ್ಲ!"

"ಲೇ ಹಾಲೇಶ, ಕೇಳಿದೇನೋ!" ಅಂತ ಉಸ್ತಾದರು ತೊಡೆ ತಟ್ಟಿ ನಕ್ಕರು. ಗರಡಿ ಮನೆಯೆಲ್ಲ ನಕ್ಕಿದ್ದು ಫೋನಲ್ಲಿ ಕೇಳಿಸ್ತು. "ಮದುವೆ ನಡೀಲಿ ಕಣಮ್ಮ! ಏ ಹುಡುಗ, ಬಾಳೆಕಂದಿನ ಜಾಗಕ್ಕೆ ಹಾಲೇಶನ್ನ ತಂದು ನಿಲ್ಲಿಸು, ಎರಡರ ಜಾಗಾನೂ ಅದಲುಬದಲು ಮಾಡು. ಅಷ್ಟೇ!"

"ಹಂಗೇ ಮಾಡ್ತೀನಿ ಮಾವ!"

ಫೋಟೋನ ಝರೀನಾನೇ ಸರಿ ಮಾಡಿ ಕಳಿಸಿದ್ಲು. ಕರಿಬಸಂಗೆ ಅದನ್ನ ಯಾರೂ ಹೇಳ್ಲಿಲ್ಲ. ಮದುವೆ ದಿನ ಬಂತು. ವಾಲಗ ಊದಿದ್ರು, ಪುರೋಹಿತರು "ಗಂಡನ್ನ ಕರೀರಿ" ಅಂದ್ರು. ಎಲ್ಲಾ ಹುಡುಕಿದ್ರು. ಹಾಲೇಶ ಚಪ್ಪರದ ಬಾಗಿಲಲ್ಲಿ ಸಿಕ್ಕ. ಬಾಳೆಕಂದು ಕಿತ್ತ ಜಾಗದಲ್ಲಿ, "ನಿಮ್ಮಪ್ಪ ಹೇಳವ್ರೆ" ಅಂದ ಭಾವಮೈದನ ಮಾತು ಮೀರಲಾರದೆ, ಕಂಬಕ್ಕೆ ಹಗ್ಗದಲ್ಲಿ ಕಟ್ಟಿಸಿಕೊಂಡು ನೆಟ್ಟಗೆ ನಿಂತಿದ್ದ.

ಕಿತ್ತ ಬಾಳೆಕಂದು ಎಲ್ಲಿ ಅಂತೀರಾ? ಬಾಸಿಂಗ ಕಟ್ಟಿಕೊಂಡು, ರತ್ನನ ಪಕ್ಕ ಹಸೆಮಣೆ ಮೇಲೆ ಕೂತಿತ್ತು. ಹಿಂದೆ ಕರಿಬಸ ಕೊಡೆ ಹಿಡಿದು ನಿಂತು ಪುರೋಹಿತರಿಗೆ ಹೇಳ್ತಿದ್ದ: "ಬೇಗ ಮಂತ್ರ ಹೇಳಿ ಸ್ವಾಮಿ! ಭಾವ ಆಗ್ಲೇ ಬಾಡ್ತಾ ಅವ್ರೆ!"